ಹೆಸರು ಆಮೇಲೆ, ಮೊದಲು ಮೈಕಟ್ಟು ನೋಡಿ: ಕಂಡ ಪ್ರಾಣಿ ಯಾವ ಗುಂಪಿನದು ಅಂತ ಪತ್ತೆ ಹಚ್ಚೋದು ಹೇಗೆ

ಮಳೆಗಾಲ ಶುರುವಾಯ್ತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೋಗಳ ಸಾಲು. ಬಚ್ಚಲಲ್ಲಿ ಸಿಕ್ಕಿದ್ದು, ಹೂಕುಂಡ ಎತ್ತಿದಾಗ ಕಂಡಿದ್ದು, ತೋಟದಲ್ಲಿ ದರಗು (ಉದುರಿದ ಒಣಎಲೆ) ಎಳೆದಾಗ ಹೊರಬಂದಿದ್ದು, ಎಲ್ಲದರ ಕೆಳಗೂ ಅದೇ ಪ್ರಶ್ನೆ, ಇದೇನಿದು, ವಿಷ ಇದ್ಯಾ, ಸಾಯಿಸ್ಬೇಕಾ ಬಿಡ್ಬೇಕಾ. ಒಬ್ರು ಒಂದು ಹೆಸರು ಹೇಳ್ತಾರೆ, ಇನ್ನೊಬ್ರು ಇನ್ನೊಂದು, ಅಷ್ಟೊತ್ತಿಗೆ ಆ ಪಾಪದ ಜೀವ ಚಪ್ಪಲಿ ಏಟಿಗೆ ಸತ್ತಿರತ್ತೆ. ನಂಗೆ ಇದು ನಿಜವಾಗ್ಲೂ ಸಂಕಟ ಆಗೋ ವಿಷಯ. ಯಾಕಂದ್ರೆ ಹೆಸರು ಗೊತ್ತಿಲ್ದಿದ್ರೂ ಅದು ಯಾವ ಗುಂಪಿನ ಪ್ರಾಣಿ ಅಂತ ಮೈ ನೋಡಿನೇ ಹೇಳ್ಬಹುದು, ಗುಂಪು ಗೊತ್ತಾದ್ರೆ ಅದು ಏನು ಮಾಡತ್ತೆ ಏನು ಮಾಡಲ್ಲ ಅನ್ನೋದೂ ಮುಕ್ಕಾಲು ಪಾಲು ಗೊತ್ತಾಗತ್ತೆ.

ಮಾಡ್ಬೇಕಾಗಿರೋದು ಇಷ್ಟೇ, ಒಂದರ ಹಿಂದೆ ಒಂದು ಪ್ರಶ್ನೆ ಕೇಳ್ಕೊಂಡು ಹೋಗೋದು, ಪ್ರತಿ ಪ್ರಶ್ನೆಗೂ ಉತ್ತರ ಆ ಪ್ರಾಣಿಯ ಮೈಮೇಲೆನೇ ಇರತ್ತೆ. ಹೈಸ್ಕೂಲ್ ಮಕ್ಕಳು, ಅವರಿಗೆ ಪಾಠ ಹೇಳೋರು, ತೋಟ ಇರೋರು, ಬಾಲ್ಕನಿಲಿ ನಾಲ್ಕು ಕುಂಡ ಇಟ್ಕೊಂಡೋರು, ಯಾರಾದ್ರೂ ಮಾಡ್ಬಹುದು.

ಬೇಕಾಗೋ ಸಾಮಾನು ಕಮ್ಮಿ. ಒಂದು ಭೂತಗನ್ನಡಿ (10 ಪಟ್ಟು ದೊಡ್ಡದಾಗಿ ತೋರಿಸೋ ಚಿಕ್ಕ ಲೆನ್ಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು), ಫೋನ್ ಕ್ಯಾಮೆರಾ, ಒಂದು ಬಿಳಿ ಹಾಳೆ, ಒಳಗಿರೋದು ಹೊರಗೆ ಕಾಣೋ ಅಂಥ ಒಂದು ಪ್ಲಾಸ್ಟಿಕ್ ಡಬ್ಬ, ಬರ್ಕೊಳ್ಳೋಕೆ ನೋಟ್‌ಬುಕ್. ಬರಿಗೈಲಿ ಏನನ್ನೂ ಹಿಡೀಬೇಡಿ. ಕಂಬಳಿಹುಳ, ಜರಿ, ಚೇಳು ಇವನ್ನ ದೂರದಿಂದ್ಲೇ ನೋಡಿ, ಹಾವು ಅನ್ನೋ ಅನುಮಾನ ಇದ್ರೆ ಹತ್ರ ಹೋಗ್ಲೇಬೇಡಿ, ಜೂಮ್ ಮಾಡಿ ಫೋಟೋ ತೆಗೀರಿ ಸಾಕು. ಬಾವಲಿ ಕೆಳಗೆ ಬಿದ್ದಿದ್ರೆ ಮುಟ್ಟಬೇಡಿ. ನೋಡಿ ಆದ್ಮೇಲೆ ಡಬ್ಬದಲ್ಲಿರೋದನ್ನ ಎಲ್ಲಿ ಸಿಕ್ಕಿತ್ತೋ ಅಲ್ಲೇ ಬಿಡಿ.

ಹೆಜ್ಜೆ 1: ಅದು ಏನು ಮಾಡ್ತಿದೆ ಅನ್ನೋದನ್ನ ಬಿಟ್ಟು ಅದಕ್ಕೆ ಏನೇನಿದೆ ಅಂತ ಬರೀರಿ

ಹಾರತ್ತೆ, ಈಜತ್ತೆ, ತೆವಳತ್ತೆ, ಬಿಲದಲ್ಲಿರತ್ತೆ, ಇವೆಲ್ಲ ಬದುಕೋ ರೀತಿ. ಒಂದೇ ರೀತಿ ಬದುಕೋ ಪ್ರಾಣಿಗಳು ಒಂದೇ ವಂಶದವು ಆಗಿರ್ಬೇಕು ಅಂತೇನಿಲ್ಲ. ನೀರಲ್ಲಿರೋದೆಲ್ಲ ಮೀನು ಅಂತ ನಂಬಿದ್ದ ಕಾಲ ಬಹಳ ಹಿಂದಿನದೇನಲ್ಲ, ಜೀವಿಗಳನ್ನ ಗುಂಪು ಮಾಡಿ ಹೆಸರಿಟ್ಟ ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ 1735ರಲ್ಲಿ ಮಾಡಿದ ಮೊದಲ ಪಟ್ಟಿಲಿ ತಿಮಿಂಗಿಲ ಮೀನಿನ ಜೊತೆನೇ ಇತ್ತು, 1758ರ ಹತ್ತನೇ ಆವೃತ್ತಿಲಿ ಅದನ್ನ ಸಸ್ತನಿಗಳ ಸಾಲಿಗೆ ತಂದ್ರು. ಆದ್ರೆ ಅದಕ್ಕೂ ಎರಡು ಸಾವಿರ ವರ್ಷ ಹಿಂದೆನೇ ಅರಿಸ್ಟಾಟಲ್ ಡಾಲ್ಫಿನ್ ಮರಿ ಹಾಕತ್ತೆ, ಹಾಲು ಕುಡಿಸತ್ತೆ ಅಂತ ಬರೆದಿಟ್ಟಿದ್ದ. ನೋಡೋ ಕಣ್ಣು ಯಾವಾಗ್ಲೂ ಇತ್ತು, ಯಾವುದಕ್ಕೆ ತೂಕ ಕೊಡ್ಬೇಕು ಅನ್ನೋದು ತೀರ್ಮಾನ ಆಗೋಕೆ ಸಮಯ ಹಿಡೀತು.

ಹಾಗಾಗಿ ನೋಟ್‌ಬುಕ್ಕಲ್ಲಿ ಬಣ್ಣ, ಸೈಜು, ಎಲ್ಲಿ ಸಿಕ್ತು ಅನ್ನೋದನ್ನ ಒಂದು ಮೂಲೇಲಿ ಬರೀರಿ. ಮುಖ್ಯ ಜಾಗದಲ್ಲಿ ಬರೀಬೇಕಾದ್ದು ಕಾಲು ಎಷ್ಟು, ಮೈ ಎಷ್ಟು ಭಾಗ, ಚರ್ಮ ಹೇಗಿದೆ, ಮೀಸೆ ಇದ್ಯಾ, ಕಣ್ಣಿಗೆ ರೆಪ್ಪೆ ಇದ್ಯಾ, ಬಾಯಿ ಹೇಗೆ ತೆರೆಯತ್ತೆ. ಬಣ್ಣವನ್ನಂತೂ ನಂಬಲೇಬೇಡಿ, ಒಂದೇ ಜಾತಿಲಿ ಹತ್ತು ಬಣ್ಣ ಇರತ್ತೆ.

ಹೆಜ್ಜೆ 2: ಮಧ್ಯಕ್ಕೆ ಗೆರೆ ಎಳೆದ ಹಾಗೆ ಕಲ್ಪಿಸ್ಕೊಳ್ಳಿ

ತಲೆಯಿಂದ ಬಾಲದ ತನಕ ಒಂದು ಗೆರೆ ಎಳೆದ್ರೆ ಎಡ ಬಲ ಒಂದೇ ತರ ಬರತ್ತಾ? ನಾವು, ನಾಯಿ, ಜಿರಳೆ, ಎರೆಹುಳ, ಮೀನು ಎಲ್ಲ ಹೀಗೇ. ಮುಂದೆ ಹಿಂದೆ ಅನ್ನೋದು ಇರತ್ತೆ, ಮುಂದೆ ತಲೆ, ಅಲ್ಲಿ ಬಾಯಿ. ಅಂಬಲಿಮೀನು ಅಂದ್ರೆ ಜೆಲ್ಲಿಫಿಶ್ ಹಾಗಲ್ಲ, ಯಾವ ಕಡೆಯಿಂದ ಕತ್ತರಿಸಿದ್ರೂ ಸಮ ಭಾಗ ಬರತ್ತೆ. ನಕ್ಷತ್ರಮೀನಿಗೆ ಐದು ಕಡೆ ತೋಳು, ಆದ್ರೆ ಅದರ ಮರಿ ಸಮುದ್ರದಲ್ಲಿ ತೇಲ್ತಾ ಇರೋವಾಗ ಎಡ ಬಲ ಇರೋ ಮೈಯೇ ಇರತ್ತೆ, ದೊಡ್ಡದಾಗ್ತಾ ಐದಾಗತ್ತೆ. ಈ ಕಾರಣಕ್ಕೇ ನಕ್ಷತ್ರಮೀನನ್ನ ಜೆಲ್ಲಿಫಿಶ್ ಪಕ್ಕ ಇಡಲ್ಲ, ಅದು ಬೆನ್ನುಮೂಳೆ ಇರೋ ಪ್ರಾಣಿಗಳಿಗೆ ಹೆಚ್ಚು ಹತ್ರದ ಸಂಬಂಧಿ. ಸ್ಪಂಜಿಗೆ ಯಾವ ಲೆಕ್ಕವೂ ಇಲ್ಲ, ಬಾಯಿನೂ ಇಲ್ಲ, ಮೈತುಂಬ ತೂತಿಂದ ನೀರು ಒಳಗೆ ಹೊರಗೆ ಹೋಗ್ತಿರತ್ತೆ. ಒಳನಾಡಲ್ಲಿ ಇರೋರಿಗೆ ಈ ಹೆಜ್ಜೆ ಅಷ್ಟು ಬೇಕಾಗಲ್ಲ, ಕಡಲ ತೀರಕ್ಕೆ ಹೋದಾಗ ನೆನಪಿಟ್ಕೊಳ್ಳಿ.

ಹೆಜ್ಜೆ 3: ಬೆನ್ನುಮೂಳೆ ಇದ್ಯಾ

ಬೆನ್ನುಮೂಳೆ ಹೊರಗಿಂದ ಕಾಣಲ್ಲ, ಆದ್ರೆ ಕುರುಹು ಇದೆ. ಬೆನ್ನುಮೂಳೆ ಇರೋ ಪ್ರಾಣಿಗೆ ಕೈಕಾಲು ಸೇರಿ ನಾಲ್ಕಕ್ಕಿಂತ ಜಾಸ್ತಿ ಇರಲ್ಲ. ದವಡೆ ಇರೋ ಪ್ರಾಣಿಯಾದ್ರೆ ಅದರ ಬಾಯಿ ಮೇಲೆ ಕೆಳಗೆ ತೆರೆಯತ್ತೆ. ಮಿಡತೆ ಎಲೆ ತಿನ್ನೋದನ್ನ ಭೂತಗನ್ನಡಿಲಿ ನೋಡಿ, ಅದರ ಕಚ್ಚೋ ಭಾಗ ಎಡದಿಂದ ಬಲದಿಂದ ಬಂದು ಮಧ್ಯಕ್ಕೆ ಸೇರತ್ತೆ, ಕತ್ತರಿ ಆಡಿಸಿದ ಹಾಗೆ. ಒಂದು ಸಲ ನೋಡಿದ್ರೆ ಮರೆಯೋಕೇ ಆಗಲ್ಲ.

ಇಲ್ಲಿ ಒಂದು ಪ್ರಾಣಿಯನ್ನ ಹತ್ರದಿಂದ ನೋಡೋಣ, ಯಾಕಂದ್ರೆ ಗ್ರೂಪುಗಳಲ್ಲಿ ಅತಿ ಹೆಚ್ಚು ಗಲಾಟೆ ಆಗೋದು ಇದರ ಬಗ್ಗೆನೇ. ಹೂಕುಂಡದ ಮಣ್ಣಲ್ಲಿ, ಬಚ್ಚಲ ನೀರು ಹೋಗೋ ತೂತಲ್ಲಿ ಕಪ್ಪು ಕಂದು ಬಣ್ಣದ, ಗೇಣುದ್ದಕ್ಕಿಂತ ಕಮ್ಮಿ ಇರೋ ತೆಳ್ಳಗಿನ ಒಂದು ಜೀವ ಸಿಗತ್ತೆ, ಕೆಲವರು ಎರೆಹುಳ ಅಂತಾರೆ, ಕೆಲವರು ಹಾವಿನ ಮರಿ ಅಂತ ಹೆದರ್ಕೋತಾರೆ. ಅದು ಕುರುಡು ಹಾವು, ಹುಳುಹಾವು ಅಂತಾನೂ ಹೇಳ್ತಾರೆ. ಅದು ಮರಿ ಅಲ್ಲ, ಬೆಳೆದ ಮೇಲೂ ಅಷ್ಟೇ ಇರತ್ತೆ. ಎರೆಹುಳಕ್ಕೆ ಮೈತುಂಬ ಉಂಗುರ ಉಂಗುರ, ಮೈ ಉದ್ದ ಆಗಿ ಗಿಡ್ಡ ಆಗಿ ಮುಂದೆ ಹೋಗತ್ತೆ, ಒದ್ದೆ ಒದ್ದೆ ಇರತ್ತೆ. ಕುರುಡು ಹಾವಿನ ಮೈ ಉದ್ದ ಗಿಡ್ಡ ಆಗಲ್ಲ, ಒಳಗೆ ಮೂಳೆ ಇದೆ ಅಲ್ವಾ, ಅಂಕುಡೊಂಕಾಗಿ ವೇಗವಾಗಿ ನುಗ್ಗತ್ತೆ. ಲೆನ್ಸಲ್ಲಿ ನೋಡಿದ್ರೆ ನುಣುಪಾಗಿ ಹೊಳೆಯೋ ಚಿಕ್ಕ ಚಿಕ್ಕ ಹುರುಪೆ, ತಲೆ ಕಡೆ ಹುರುಪೆ ಕೆಳಗೆ ಎರಡು ಕಪ್ಪು ಚುಕ್ಕೆ, ಅದೇ ಕಣ್ಣು, ಆಗಾಗ ಒಂದು ಚಿಕ್ಕ ನಾಲಿಗೆ ಹೊರಗೆ ಬಂದು ಹೋಗತ್ತೆ. ಎರೆಹುಳಕ್ಕೆ ನಾಲಿಗೆ ಎಲ್ಲಿಂದ ಬರಬೇಕು! ಇರುವೆ ಗೆದ್ದಲುಗಳ ಮೊಟ್ಟೆ ಮರಿ ತಿನ್ಕೊಂಡು ಬದುಕೋ ಈ ಹಾವಿಂದ ಮನುಷ್ಯರಿಗೆ ಯಾವ ಅಪಾಯವೂ ಇಲ್ಲ. ಇನ್ನೊಂದು ವಿಶೇಷ, ಇವುಗಳಲ್ಲಿ ಗಂಡೇ ಇಲ್ಲ, ಹೆಣ್ಣು ಹಾವು ಗಂಡಿಲ್ಲದೆನೇ ಮೊಟ್ಟೆ ಇಡತ್ತೆ.

ಮಲೆನಾಡಿನೋರಿಗೆ ಮೂರನೇದು ಒಂದು ಸಿಗತ್ತೆ. ಉಂಗುರ ಉಂಗುರ ಮೈ, ಒದ್ದೆ ಚರ್ಮ, ಹುರುಪೆ ಹೊರಗೆ ಕಾಣಲ್ಲ, ಆದ್ರೆ ಬಾಯಿ ತೆರೆದ್ರೆ ಹಲ್ಲು ಇದೆ, ಕಣ್ಣಿಗೂ ಮೂಗಿಗೂ ಮಧ್ಯ ಒಂದು ಪುಟ್ಟ ಎಳೆ ಹೊರಗೆ ಚಾಚತ್ತೆ. ಅದು ಎರೆಹುಳನೂ ಅಲ್ಲ, ಹಾವೂ ಅಲ್ಲ, ಕಾಲಿಲ್ಲದ ಕಪ್ಪೆ ಕಡೆಯ ಪ್ರಾಣಿ, ಸಿಸಿಲಿಯನ್ ಅಂತಾರೆ. ಮೂರೂ ಮಣ್ಣೊಳಗೆ ಬದುಕತ್ವೆ, ಅದಕ್ಕೇ ಮೂರಕ್ಕೂ ಉದ್ದ ಮೈ ಬಂದಿದೆ, ಕಾಲು ಬೇಡ ಆಗಿದೆ. ವಂಶ ಮಾತ್ರ ಒಂದಕ್ಕೊಂದು ಬಹಳ ದೂರ.

ಹೆಜ್ಜೆ 4: ಬೆನ್ನುಮೂಳೆ ಇಲ್ಲ, ಗಟ್ಟಿ ಹೊರಮೈ, ಕೀಲಿರೋ ಕಾಲು ಇದೆ ಅಂದ್ರೆ ಕಾಲು ಎಣಿಸಿ

ನಿಮಗೆ ಸಿಗೋ ಪ್ರಾಣಿಗಳಲ್ಲಿ ಬಹುಪಾಲು ಇಲ್ಲೇ ಬಂದು ನಿಲ್ಲತ್ತೆ, ಯಾಕಂದ್ರೆ ಇಲ್ಲಿ ತನಕ ಹೆಸರಿಟ್ಟಿರೋ ಪ್ರಾಣಿ ಜಾತಿಗಳಲ್ಲಿ ಸುಮಾರು 80 ಪರ್ಸೆಂಟ್ ಈ ಸಂಧಿಪದಿಗಳೇ. ಹೊರಗಿರೋ ಕವಚನೇ ಇವುಗಳ ಅಸ್ಥಿಪಂಜರ, ಬೆಳೀಬೇಕು ಅಂದ್ರೆ ಕವಚ ಕಳಚಬೇಕು.

ಆರು ಕಾಲು, ಮೈ ಮೂರು ಭಾಗ, ಒಂದು ಜೊತೆ ಮೀಸೆ ಅಂದ್ರೆ ಕೀಟ. ಎಣಿಸೋವಾಗ ಎರಡು ಕಡೆ ಎಡವಟ್ಟಾಗತ್ತೆ. ಕಂಬಳಿಹುಳಕ್ಕೆ, ರೇಷ್ಮೆಹುಳಕ್ಕೆ ಹತ್ತು ಹದಿನಾರು ಕಾಲು ಇದ್ದ ಹಾಗೆ ಕಾಣತ್ತೆ. ತಲೆ ಹಿಂದೆ ಇರೋ ಮೂರು ಜೊತೆ ಮೊನಚಾದ ಕೀಲಿನ ಕಾಲು ಮಾತ್ರ ನಿಜವಾದ ಕಾಲು, ಹಿಂದೆ ಇರೋ ದಪ್ಪ ದಪ್ಪ ಮಾಂಸದ ಕಾಲುಗಳು ಎಲೆ ಹಿಡ್ಕೊಳ್ಳೋಕೆ ಇರೋ ಮೈಯ ಮಡಿಕೆಗಳು, ಚಿಟ್ಟೆ ಆದ್ಮೇಲೆ ಅವು ಇರಲ್ಲ. ಎರಡನೇದು, ಕೆಲವು ಚಿಟ್ಟೆಗಳು ನಾಲ್ಕೇ ಕಾಲಲ್ಲಿ ನಿಂತಿರತ್ವೆ, ಮುಂದಿನ ಜೊತೆ ಚಿಕ್ಕದಾಗಿ ಎದೆಗೆ ಅಂಟ್ಕೊಂಡಿರತ್ತೆ, ಪಕ್ಕದಿಂದ ನೋಡಿದ್ರೆ ಸಿಗತ್ತೆ.

ಕೀಟ ಅಂತ ಗೊತ್ತಾದ್ಮೇಲೆ ರೆಕ್ಕೆ ನೋಡಿ. ಎರಡೇ ರೆಕ್ಕೆ ಇದ್ರೆ ನೊಣ ಸೊಳ್ಳೆ ಬಳಗ, ಹಿಂದಿನ ಜೊತೆ ರೆಕ್ಕೆ ಸವೆದು ಗುಂಡುಸೂಜಿ ತಲೆಯಷ್ಟು ಆಗಿರತ್ತೆ, ಹಾರೋವಾಗ ಬ್ಯಾಲೆನ್ಸ್ ಮಾಡೋದು ಅದೇ. ಜೇನಿನ ತರ ಹಳದಿ ಕಪ್ಪು ಪಟ್ಟೆ ಇಟ್ಕೊಂಡು ಹೂವಿನ ಮುಂದೆ ಗಾಳಿಲಿ ನಿಂತ್ಕೊಳ್ಳೋ ಒಂದು ನೊಣ ಇದೆ, ಎರಡೇ ರೆಕ್ಕೆ, ಅದಕ್ಕೆ ಕೊಂಡಿ ಇಲ್ಲ. ಜೇನಿಗೆ ನಾಲ್ಕು ರೆಕ್ಕೆ. ಮುಂದಿನ ರೆಕ್ಕೆ ಗಟ್ಟಿ ಚಿಪ್ಪಾಗಿ ಬೆನ್ನ ಮೇಲೆ ನೇರ ಗೆರೆಲಿ ಕೂಡ್ಕೊಂಡಿದ್ರೆ ದುಂಬಿ ಜಾತಿ, ಈ ಒಂದೇ ಗುಂಪಲ್ಲಿ ಹತ್ರ ಹತ್ರ ನಾಲ್ಕು ಲಕ್ಷ ಜಾತಿ ಇದೆ.

ಈಸಲು ಏಳೋ ಸಂಜೆ ಇನ್ನೊಂದು ನೋಡಿ. ಲೈಟಿನ ಸುತ್ತ ಬಿದ್ದಿರೋದ್ರಲ್ಲಿ ಗೆದ್ದಲಿನ ಈಸಲೂ ಇರತ್ತೆ, ರೆಕ್ಕೆ ಬಂದ ಇರುವೆನೂ ಇರತ್ತೆ. ಎರಡನ್ನೂ ಬಿಳಿ ಹಾಳೆ ಮೇಲೆ ಇಡಿ. ಇರುವೆಗೆ ನಡು ಸಣ್ಣಗೆ ಕಡ್ಡಿ ತರ, ಮೀಸೆ ಮೊಣಕೈ ಮಡಚಿದ ಹಾಗೆ ಬಾಗಿರತ್ತೆ, ಮುಂದಿನ ರೆಕ್ಕೆ ದೊಡ್ಡದು ಹಿಂದಿನದು ಚಿಕ್ಕದು. ಗೆದ್ದಲಿಗೆ ನಡುವೇ ಇಲ್ಲ, ಮೈ ಒಂದೇ ದಪ್ಪ, ಮೀಸೆ ಮಣಿ ಪೋಣಿಸಿದ ಹಾಗೆ ನೇರ, ನಾಲ್ಕೂ ರೆಕ್ಕೆ ಒಂದೇ ಅಳತೆ. ಎರಡೂ ಗೂಡು ಕಟ್ಟತ್ವೆ, ರಾಣಿ ಇರತ್ತೆ, ಆಳು ಇರತ್ತೆ, ಆದ್ರೂ ಗೆದ್ದಲಿನ ಸ್ವಂತ ಬಳಗ ಜಿರಳೆ, ಇರುವೆ ಬಳಗ ಜೇನು ಮತ್ತು ಕಣಜ.

ಎಂಟು ಕಾಲು, ಮೀಸೆ ಇಲ್ಲ ಅಂದ್ರೆ ಜೇಡ ಚೇಳುಗಳ ಗುಂಪು. ಜೇಡಕ್ಕೆ ಮೈ ಎರಡು ಭಾಗ. ಮಲೆನಾಡಿನ ಕಲ್ಲು ಸಂದಿಲಿ ಒಂದರ ಮೇಲೊಂದು ಗುಂಪುಗಟ್ಟಿ ನಡುಗೋ ಉದ್ದ ಕಾಲಿನವು ನೋಡಿರ್ತೀರಿ, ಅವಕ್ಕೂ ಎಂಟೇ ಕಾಲು ಆದ್ರೆ ಮೈ ಒಂದೇ ಉಂಡೆ, ಬಲೆ ನೇಯಲ್ಲ, ಹಾಗಾಗಿ ಅವು ಜೇಡ ಅಲ್ಲ, ಅದೇ ಗುಂಪಿನ ಬೇರೆ ಕವಲು. ಚೇಳಿನ ಎರಡು ಇಕ್ಕಳವನ್ನ ಕಾಲು ಅಂತ ಲೆಕ್ಕ ಹಾಕ್ಬೇಡಿ. ಮುಂಗಾರು ಹಿಡಿದ ಕೂಡ್ಲೇ ಹೊಲದ ಬದುವಲ್ಲಿ ಕೆಂಪು ಮಖಮಲ್ ಹೊದ್ದ ಇಂದ್ರಗೋಪ ಬರತ್ತಲ್ಲ, ಅದಕ್ಕೂ ಎಂಟು ಕಾಲು, ಅದು ಕೀಟ ಅಲ್ಲ, ನುಸಿ ಅಂದ್ರೆ ಜೇಡನ ಕಡೆಯದ್ದು.

ಉಣುಗು ಅಂದ್ರೆ ಹಸು ನಾಯಿ ಮೈಮೇಲಿರೋ ಉಣ್ಣೆ, ಅದೂ ಇದೇ ಗುಂಪು. ಆದ್ರೆ ಮೊಟ್ಟೆಯಿಂದ ಆಗ ತಾನೇ ಬಂದ ಉಣುಗಿನ ಮರಿಗೆ ಆರೇ ಕಾಲು ಇರತ್ತೆ, ಒಂದು ಸಲ ಪೊರೆ ಬಿಟ್ಟ ಮೇಲೆ ಎಂಟಾಗತ್ತೆ. ಇದು ಬರೀ ಪರೀಕ್ಷೆಗೆ ಓದೋ ವಿಷಯ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹರಡೋದು ಉಣುಗಿಂದ, ಅದರಲ್ಲೂ ಹೀಗೆ ಪೊರೆ ಬಿಟ್ಟು ಎಂಟು ಕಾಲು ಬಂದ, ಆದ್ರೆ ಇನ್ನೂ ಗಸಗಸೆ ಗಾತ್ರದಲ್ಲೇ ಇರೋ ಎಳೆ ಉಣುಗುಗಳಿಂದ ಜಾಸ್ತಿ. ದರಗು ತರೋಕೆ ಕಾಡಿಗೆ ಹೋಗೋರು ಮೈಮೇಲೆ ಹತ್ತಿದ್ದು ಯಾವುದು ಅಂತ ಗುರುತಿಸೋಕೆ ಬಂದ್ರೆ ಬಹಳ ಅನುಕೂಲ.

ಎಂಟಕ್ಕಿಂತ ಜಾಸ್ತಿ ಕಾಲಾ? ಒಂದು ಉಂಗುರಕ್ಕೆ ಎಷ್ಟು ಜೊತೆ ಅಂತ ನೋಡಿ. ಒಂದೊಂದು ಉಂಗುರಕ್ಕೆ ಒಂದೊಂದೇ ಜೊತೆ ಕಾಲು, ಮೈ ಚಪ್ಪಟೆ, ಓಟ ಜೋರು ಅಂದ್ರೆ ಜರಿ. ತಲೆ ಕೆಳಗೆ ಮುಂದಿನ ಜೊತೆ ಕಾಲೇ ವಿಷದ ಕೊಕ್ಕೆ ಆಗಿರತ್ತೆ, ಕಚ್ಚಿದ್ರೆ ಉರಿ ನೋವು ಜೋರು, ದೂರ ಇರಿ. ಒಂದೊಂದು ಉಂಗುರಕ್ಕೆ ಎರಡೆರಡು ಜೊತೆ, ಮೈ ಗುಂಡಗೆ, ನಿಧಾನ ನಡಿಗೆ, ಮುಟ್ಟಿದ್ರೆ ಸುರುಳಿ ಸುತ್ಕೊಳ್ಳತ್ತೆ ಅಂದ್ರೆ ಸಹಸ್ರಪದಿ. ಅದು ಕಚ್ಚಲ್ಲ, ಕೊಳೆತ ಎಲೆ ತಿಂದು ಗೊಬ್ಬರ ಮಾಡತ್ತೆ, ಮೈಯಿಂದ ವಾಸನೆ ದ್ರವ ಬಿಡತ್ತೆ ಅಷ್ಟೇ, ಮುಟ್ಟಿದ್ರೆ ಕೈ ತೊಳ್ಕೊಳ್ಳಿ. ಇವೆರಡನ್ನ ಒಂದೇ ಅಂತ ಸಾಯಿಸೋರು ಎಷ್ಟು ಜನ.

ಹೂಕುಂಡ ಎತ್ತಿದಾಗ ಕೆಳಗಿರೋ, ಮುಟ್ಟಿದ್ರೆ ಗೋಲಿ ಆಗೋ ಪುಟ್ಟ ಬೂದು ಹುಳಕ್ಕೆ ಏಳು ಜೊತೆ ಕಾಲು. ಅದು ಏಡಿ ಸೀಗಡಿಗಳ ಗುಂಪಿನದು, ನೆಲಕ್ಕೆ ಬಂದು ನೆಲೆಸಿದ್ದು, ಇವತ್ತಿಗೂ ಕಿವಿರಿನಂಥ ಅಂಗದಿಂದ್ಲೇ ಉಸಿರಾಡತ್ತೆ, ಅದಕ್ಕೇ ತೇವ ಬಿಟ್ಟು ಎಲ್ಲೂ ಹೋಗಲ್ಲ. ಪಶ್ಚಿಮ ಘಟ್ಟದ ಕಾಡಲ್ಲಿ ಇದೇ ತರ ಗೋಲಿ ಆಗೋ, ಇದಕ್ಕಿಂತ ತುಂಬ ದಪ್ಪ ಇರೋ ಇನ್ನೊಂದಿದೆ, ಅದು ಗುಂಡಗಾಗೋ ಸಹಸ್ರಪದಿ. ಬಿಚ್ಕೊಂಡಾಗ ಉಂಗುರಕ್ಕೆ ಎಷ್ಟು ಜೊತೆ ಅಂತ ನೋಡಿ, ಜಗಳ ಅಲ್ಲಿಗೆ ಮುಗೀತು.

ಹೆಜ್ಜೆ 5: ಮೆತ್ತನೆ ಮೈ, ಕೀಲಿನ ಕಾಲಿಲ್ಲ

ಉಂಗುರ ಇದ್ರೆ ಎರೆಹುಳ ಜಿಗಣೆಗಳ ಗುಂಪು. ಆಗುಂಬೆ ಕಡೆ ಕಾಲಿಗೆ ಹತ್ತೋ ಇಂಬಳ ಅಂದ್ರೆ ಎಲ್ರಿಗೂ ಹೇಸಿಗೆ, ಆದ್ರೆ ಮೈಕಟ್ಟಲ್ಲಿ ಅದು ಎರೆಹುಳದ ಹತ್ರದ ನೆಂಟ, ಮುಂದೊಂದು ಹಿಂದೊಂದು ಹೀರುಬಟ್ಟಲು ಬಂದಿದೆ ಅಷ್ಟೇ ವ್ಯತ್ಯಾಸ. ಉಂಗುರ ಇಲ್ಲ, ಮೈ ರಿಬ್ಬನ್ ತರ ಚಪ್ಪಟೆ ಅಂದ್ರೆ ಚಪ್ಪಟೆ ಹುಳುಗಳು, ಮಳೆಗಾಲದಲ್ಲಿ ತೋಟದಲ್ಲಿ ಸಲಿಕೆ ಆಕಾರದ ತಲೆ ಇರೋ ಒಂದು ಹುಳ ಅಂಟು ಬಿಟ್ಕೊಂಡು ಜಾರ್ತಿರತ್ತೆ, ಅದು ಎರೆಹುಳವನ್ನೇ ತಿನ್ನೋದು. ಲಾಡಿಹುಳನೂ ಇದೇ ಚಪ್ಪಟೆ ಗುಂಪು. ಹೊಟ್ಟೆಲಿರೋ ಜಂತುಹುಳ ದುಂಡಗೆ ನುಣ್ಣಗೆ, ಉಂಗುರ ಇಲ್ಲ, ಅದು ಇನ್ನೊಂದು ಬೇರೆನೇ ಗುಂಪು.

ಉಂಗುರ ಇಲ್ಲ, ಮಾಂಸದ ಒಂದು ಪಾದ, ಮೈ ಮೇಲೆ ಹೊದಿಕೆ, ಬಹುಪಾಲು ಚಿಪ್ಪು, ಇದ್ರೆ ಮೃದ್ವಂಗಿಗಳು. ಇದನ್ನ ಕಲಿಯೋಕೆ ಬೆಸ್ಟ್ ಜಾಗ ಮೀನು ಮಾರ್ಕೆಟ್ಟು, ಮಂಗಳೂರು, ಮಲ್ಪೆ, ಕಾರವಾರ ಎಲ್ಲಾದ್ರೂ. ಮಕ್ಕಳನ್ನ ಕರ್ಕೊಂಡು ಹೋಗಿ, ಮಾರೋರು ಖುಷಿಯಿಂದ ತೋರಿಸ್ತಾರೆ. ಒಂದೇ ಬುಟ್ಟಿ ಸಾಲಲ್ಲಿ ಬಂಗುಡೆ, ತೊರಕೆ (ರೇ ಮೀನು), ಸೀಗಡಿ, ಏಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಕಪ್ಪೆಚಿಪ್ಪು) ಇರತ್ತೆ. ಮರುವಾಯಿಗೆ ಎರಡು ಚಿಪ್ಪು. ಬೊಂಡಾಸಿಗೆ ಹೊರಗೆ ಚಿಪ್ಪೇ ಇಲ್ಲ, ಆದ್ರೆ ಕ್ಲೀನ್ ಮಾಡೋವಾಗ ಬೆನ್ನೊಳಗಿಂದ ಗಾಜಿನ ಹಾಗೆ ತೆಳ್ಳಗೆ ಒಂದು ಪಟ್ಟಿ ಎಳೀತಾರಲ್ಲ, ಅದೇ ಒಳಗೆ ಸೇರಿ ಸವೆದುಹೋದ ಚಿಪ್ಪು. ಅದರ ಹತ್ರದ ನೆಂಟ ಕಟಲ್‌ಫಿಶ್ಶಿನ ಒಳಚಿಪ್ಪು ದಪ್ಪ ಬಿಳಿ, ಗ್ರಂದಿಗೆ ಅಂಗಡಿಲಿ ಸಮುದ್ರಫೇನ ಅಂತ ಮಾರೋದು ಅದನ್ನೇ. ಅಂದ್ರೆ ಬೊಂಡಾಸಿನ ನಿಜವಾದ ಬಂಧು ಬುಟ್ಟಿ ಪಕ್ಕದ ಬಂಗುಡೆ ಅಲ್ಲ, ನಿಮ್ಮ ಹಿತ್ತಲಲ್ಲಿ ಬಸಳೆ ತಿನ್ನೋ ಬಸವನಹುಳ. ಸೀಗಡಿಗೆ ಎರಡು ಜೊತೆ ಮೀಸೆ ಇರತ್ತೆ, ಎಣಿಸಿ ನೋಡಿ, ಕೀಟಕ್ಕೆ ಒಂದೇ ಜೊತೆ. ಆದ್ರೂ ಡಿಎನ್‌ಎ ನೋಡಿದ್ಮೇಲೆ ಗೊತ್ತಾಗಿರೋದು, ಕೀಟಗಳು ಕವಲೊಡೆದಿದ್ದು ಈ ಏಡಿ ಸೀಗಡಿ ಗುಂಪಿನ ಒಳಗಿಂದ್ಲೇ ಅಂತ.

ಹೆಜ್ಜೆ 6: ಬೆನ್ನುಮೂಳೆ ಇದ್ರೆ ಚರ್ಮ ನೋಡಿ

ಕೂದಲು ಇದ್ರೆ ಸಸ್ತನಿ. ಗರಿ ಇದ್ರೆ ಹಕ್ಕಿ, ಗರಿ ಇವತ್ತು ಬದುಕಿರೋ ಬೇರೆ ಯಾವ ಪ್ರಾಣಿಗೂ ಇಲ್ಲ, ಹಾಗಾಗಿ ಇದಕ್ಕಿಂತ ಗ್ಯಾರಂಟಿ ಗುರುತು ಇನ್ನೊಂದಿಲ್ಲ. ಒಣ ಹುರುಪೆ, ಪುಪ್ಪುಸದಿಂದ ಉಸಿರಾಟ ಅಂದ್ರೆ ಸರೀಸೃಪ. ಬರೀ ತೇವ ಚರ್ಮ, ಮರಿ ನೀರಲ್ಲಿ ಬೆಳೆದು ರೂಪ ಬದಲಿಸೋದು ಅಂದ್ರೆ ಸಾಮಾನ್ಯವಾಗಿ ಉಭಯವಾಸಿ. ಕಿವಿರು, ಈಜುರೆಕ್ಕೆ ಇದ್ರೆ ಮೀನು, ಅದರಲ್ಲೂ ಬಂಗುಡೆ ತರ ಕಿವಿರಿಗೆ ಒಂದು ಮುಚ್ಚಳ ಇದ್ರೆ ಮೂಳೆ ಮೀನು, ತೊರಕೆ ಶಾರ್ಕಿನ ತರ ಮುಚ್ಚಳ ಇಲ್ದೆ ಸಾಲಾಗಿ ಸೀಳು ಇದ್ರೆ ಮೃದ್ವಸ್ಥಿ ಮೀನು.

ಚಿಪ್ಪುಹಂದಿ ನೋಡಿ ತುಂಬ ಜನ ಮೊಸಳೆ ಉಡದ ಜಾತಿ ಅಂದ್ಕೋತಾರೆ. ಆ ಚಿಪ್ಪು ನಮ್ಮ ಉಗುರಿನ ವಸ್ತುವಿಂದ್ಲೇ ಆಗಿರೋದು, ಹೊಟ್ಟೆ ಕಡೆ ಕೂದಲಿದೆ, ಮರಿಗೆ ಹಾಲು ಕುಡಿಸತ್ತೆ, ಹಾಗಾಗಿ ಅದು ಸಸ್ತನಿ, ಬೆಕ್ಕು ನಾಯಿಗಳ ಗುಂಪಿಗೆ ಹತ್ರದ ಕವಲು. ಆ ಚಿಪ್ಪಿಗೋಸ್ಕರ ಅದನ್ನ ಕೊಲ್ತಾರೆ ಅನ್ನೋದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ, ಹಿಡಿಯೋದು ಮಾರೋದು ಕಾನೂನಲ್ಲಿ ದೊಡ್ಡ ಅಪರಾಧ, ಎಲ್ಲಾದ್ರೂ ಕಂಡ್ರೆ ಅರಣ್ಯ ಇಲಾಖೆಗೆ ಹೇಳಿ.

ಹಾವುರಾಣಿ ಬಗ್ಗೆನೂ ಹೇಳ್ಲೇಬೇಕು. ಮೈ ಹೊಳಪು, ಕಾಲು ಪುಟ್ಟದು, ಹಾವಿನ ಹಾಗೆ ಹರಿಯತ್ತೆ, ನೆಕ್ಕಿದ್ರೆ ಸಾಯ್ತಾರೆ ಅಂತ ಊರೂರಲ್ಲಿ ನಂಬಿಕೆ. ಅದಕ್ಕೆ ವಿಷವೇ ಇಲ್ಲ, ಅದು ಹಲ್ಲಿ ಓತಿಗಳ ಬಳಗ. ಗುರುತು ಸುಲಭ, ಕಣ್ಣಿಗೆ ರೆಪ್ಪೆ ಇದೆ, ತಲೆ ಪಕ್ಕ ಕಿವಿ ತೂತು ಇದೆ, ಹಾವಿಗೆ ಎರಡೂ ಇಲ್ಲ. ಕಾಲಿದೆ ಇಲ್ಲ ಅನ್ನೋದಕ್ಕಿಂತ ಈ ಎರಡು ಗುರುತು ಹೆಚ್ಚು ಭರವಸೆಯವು. ಹೆಬ್ಬಾವಿಗೆ ಬಾಲದ ಬುಡದ ಹತ್ರ ಎರಡು ಪುಟ್ಟ ಉಗುರಿನಂಥದ್ದು ಇರತ್ತೆ, ಹಿಂಗಾಲಿನ ಉಳಿಕೆ ಅದು, ಹಾವುಗಳ ಪೂರ್ವಜರಿಗೆ ಕಾಲಿತ್ತು.

ಹೆಜ್ಜೆ 7: ಎರಡು ಪ್ರಾಣಿಗೆ ಒಂದೇ ಲಕ್ಷಣ ಕಂಡ್ರೆ, ಅದು ಮನೆತನದಿಂದ ಬಂದಿದ್ದಾ ಅಂತ ಕೇಳಿ

ನನ್ನ ಪ್ರಕಾರ ಇಡೀ ವರ್ಗೀಕರಣದ ಜೀವ ಇರೋದು ಈ ಪ್ರಶ್ನೇಲಿ. ಸ್ಕೂಲಲ್ಲಿ ಪಟ್ಟಿ ಬಾಯಿಪಾಠ ಮಾಡಿಸ್ತಾರೆ, ಇದನ್ನ ಕೇಳೋದನ್ನ ಕಲಿಸೋದು ಕಮ್ಮಿ, ಕಲಿಸಿದ್ರೆ ಮಕ್ಕಳು ಪಟ್ಟಿನ ತಾವೇ ಬರೀತಾರೆ.

ಪಶ್ಚಿಮ ಘಟ್ಟದ ಒಂದೇ ಕಾಡಲ್ಲಿ ಹಕ್ಕಿ ಬಿಟ್ಟು ಗಾಳಿಲಿ ಹಾರೋ ಅಥವಾ ತೇಲೋ ಬೆನ್ನುಮೂಳೆ ಪ್ರಾಣಿಗಳಲ್ಲಿ ನಾಲ್ಕನ್ನ ನೋಡೋಣ. ಹಾರುವ ಓತಿ, ಬಾವಲಿ, ಹಾರುವ ಅಳಿಲು, ಹಾರುವ ಕಪ್ಪೆ. ನಾಲ್ಕರದ್ದೂ ಹಾರೋ ಸಾಧನ ಬಿಚ್ಚಿ ನೋಡಿ. ಓತಿಯ ಪಕ್ಕೆಲುಬುಗಳು ಮೈಯಿಂದ ಹೊರಗೆ ಉದ್ದಕ್ಕೆ ಬೆಳೆದು, ಅದರ ಮೇಲೆ ಚರ್ಮ ಹರಡಿದೆ, ನಾಲ್ಕು ಕಾಲೂ ಅದರ ಪಾಡಿಗೆ ಫ್ರೀ. ಅಳಿಲಿಗೆ ಮುಂಗಾಲಿಂದ ಹಿಂಗಾಲಿಗೆ ಚರ್ಮದ ಹಾಳೆ. ಕಪ್ಪೆಗೆ ಕಾಲ್ಬೆರಳುಗಳ ಮಧ್ಯ ಅಗಲವಾದ ಜಾಲಪೊರೆ, ಮರದಿಂದ ಮರಕ್ಕೆ ಅದನ್ನೇ ಹರಡ್ಕೊಂಡು ಇಳಿಯತ್ತೆ. ಬಾವಲಿದು ಬೇರೆನೇ, ಹೆಬ್ಬೆರಳೊಂದು ಬಿಟ್ಟು ಉಳಿದ ನಾಲ್ಕು ಬೆರಳು ತುಂಬ ಉದ್ದ ಬೆಳೆದು ಅದಕ್ಕೆ ಚರ್ಮ ಬಿಗಿದಿದೆ, ಅಂದ್ರೆ ಅದರ ರೆಕ್ಕೆ ಅನ್ನೋದು ಒಂದು ಕೈ. ಹಕ್ಕಿಲಿ ಬೆರಳುಗಳು ಕೂಡ್ಕೊಂಡು ಗಿಡ್ಡ ಆಗಿವೆ, ಅಗಲ ಬಂದಿರೋದು ಗರಿಯಿಂದ. ಹಾರೋ ಸಾಧನ ಒಬ್ಬೊಬ್ಬರದ್ದೂ ಬೇರೆ ಬೇರೆ, ಯಾರಿಂದ ಯಾರೂ ಪಡ್ಕೊಂಡಿದ್ದಲ್ಲ.

ಈಗ ಅದೇ ಐದರ ಮುಂಗಾಲಿನ ಮೂಳೆ ನೋಡಿ. ಭುಜದಿಂದ ಒಂದು ಮೂಳೆ, ಆಮೇಲೆ ಎರಡು ಮೂಳೆ, ಆಮೇಲೆ ಮಣಿಕಟ್ಟಿನ ಚಿಕ್ಕ ಮೂಳೆಗಳು, ಆಮೇಲೆ ಬೆರಳು. ನಮ್ಮ ಕೈನೂ ಹೀಗೇ, ಡಾಲ್ಫಿನ್ನಿನ ಈಜುರೆಕ್ಕೆ ಒಳಗೂ ಹೀಗೇ. ಕಪ್ಪೆಲಿ ಆ ಎರಡು ಮೂಳೆ ಬೆಸೆದುಹೋಗಿವೆ, ಆದ್ರೂ ಮಧ್ಯದ ಗೆರೆ ಕಾಣತ್ತೆ. ಇಷ್ಟು ಬೇರೆ ಬೇರೆ ಕೆಲಸ ಮಾಡೋ ಕೈಗಳಿಗೆ ಒಂದೇ ನಕ್ಷೆ ಇರೋಕೆ ಕಾರಣ ಒಂದೇ, ಇವೆಲ್ಲ ಒಂದೇ ಪೂರ್ವಜರಿಂದ ಬಂದಿರೋದು. ಗುಂಪು ಮಾಡೋಕೆ ಲೆಕ್ಕಕ್ಕೆ ಬರೋದು ಈ ತರದ ಹೋಲಿಕೆ.

ಡಾಲ್ಫಿನ್ ವಿಷಯಕ್ಕೆ ಬಂದ್ರೆ, ಕಾರವಾರದ ಕಡಲಲ್ಲಿ ಬೋಟಿಂದ ನೋಡೋ ಅವಕಾಶ ಸಿಕ್ಕಿದ್ರೆ ಬಾಲ ಗಮನಿಸಿ. ಮೀನಿನ ಬಾಲ ನೆಟ್ಟಗೆ ನಿಂತಿರತ್ತೆ, ಎಡ ಬಲ ಬಡಿಯತ್ತೆ. ಡಾಲ್ಫಿನ್ನಿನ ಬಾಲ ಅಡ್ಡ ಮಲಗಿರತ್ತೆ, ಮೇಲೆ ಕೆಳಗೆ ಬಡಿಯತ್ತೆ, ಓಡೋ ಚಿರತೆ ನಾಯಿಗಳ ಬೆನ್ನು ಬಾಗೋ ದಿಕ್ಕೇ ಅದು. ಅದರ ಪೂರ್ವಜರು ನೆಲದ ಮೇಲಿದ್ದ ಗೊರಸಿನ ಪ್ರಾಣಿಗಳು. ಜಮ್ಮುವಿನ ಕಾಲಾಕೋಟ್ ಕಡೆ ಎ. ರಂಗರಾವ್ ಅನ್ನೋ ಭಾರತೀಯ ಭೂವಿಜ್ಞಾನಿ ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಇಂಡೋಹ್ಯೂಸ್ ಅಂತ ಬೆಕ್ಕಿನ ಗಾತ್ರದ ಒಂದು ಪ್ರಾಣಿಯ ಪಳೆಯುಳಿಕೆ ಇತ್ತು, ಸುಮಾರು 4.8 ಕೋಟಿ ವರ್ಷ ಹಳೇದು. ನೋಡೋಕೆ ಬರ್ಕ ಅಂದ್ರೆ ಇಲಿಜಿಂಕೆ ತರ, ತಿಮಿಂಗಿಲದ ಯಾವ ಚಹರೆನೂ ಇಲ್ಲ. ಆದ್ರೆ ಕಿವಿಯ ಮೂಳೆಯ ಒಳಗೋಡೆ ದಪ್ಪ ಇತ್ತು, ಆ ದಪ್ಪ ಗೋಡೆ ಅಲ್ಲಿ ತನಕ ತಿಮಿಂಗಿಲಗಳ ಬಳಗದಲ್ಲಿ ಮಾತ್ರ ಗೊತ್ತಿದ್ದಿದ್ದು. 2007ರಲ್ಲಿ ಇದು ಪ್ರಕಟ ಆಯ್ತು. ಅಂಗೈಯಲ್ಲಿ ಹಿಡಿಯೋ ಒಂದು ಮೂಳೆ ಅಷ್ಟು ದೊಡ್ಡ ತಿಮಿಂಗಿಲದ ಸಂಬಂಧ ಹೇಳಿತು. ಇವತ್ತು ಬದುಕಿರೋದ್ರಲ್ಲಿ ತಿಮಿಂಗಿಲಕ್ಕೆ ಎಲ್ಲಕ್ಕಿಂತ ಹತ್ರದ್ದು ನೀರುಕುದುರೆ.

ಇನ್ನೊಂದು ಉದಾಹರಣೆ ರಂಗನತಿಟ್ಟಲ್ಲಿ ದೋಣಿಲಿ ಕೂತೇ ನೋಡ್ಬಹುದು. ಬಂಡೆ ಮೇಲೆ ಮೊಸಳೆ, ಮೇಲಿನ ಮರದಲ್ಲಿ ಕೊಕ್ಕರೆ. ಮೊಸಳೆನ ನಾವು ಹಲ್ಲಿ ಓತಿಗಳ ಜೊತೆ ಸೇರಿಸ್ತೀವಿ, ಹುರುಪೆ ಇದೆ ಅಂತ. ಆದ್ರೆ ಮೊಸಳೆಗೆ ಹಕ್ಕಿಗಳ ಹಾಗೆ ನಾಲ್ಕು ಕೋಣೆಯ ಹೃದಯ, ಉಸಿರಿನ ಗಾಳಿ ಪುಪ್ಪುಸದಲ್ಲಿ ಒಂದೇ ದಿಕ್ಕಿಗೆ ಹರಿಯೋ ವ್ಯವಸ್ಥೆ, ಗೂಡು ಕಾಯೋ ಅಭ್ಯಾಸ ಎಲ್ಲ ಇದೆ, ವಂಶದಲ್ಲಿ ಅದು ಓತಿಗಿಂತ ಕೊಕ್ಕರೆಗೆ ಹತ್ರ. ಹಾಗಾಗಿ ಹೆಜ್ಜೆ 6ರಲ್ಲಿ ಹೇಳಿದ ಚರ್ಮದ ಲೆಕ್ಕ ಬೇಗ ಗುರುತಿಸೋಕೆ ಒಳ್ಳೇದು, ಸಂಬಂಧ ಹೇಳೋಕೆ ಅದೊಂದೇ ಸಾಲಲ್ಲ, ಕಮ್ಮಿ ಅಂದ್ರೂ ಮೂರು ನಾಲ್ಕು ಬೇರೆ ಬೇರೆ ಅಂಗಗಳ ಸಾಕ್ಷಿ ಒಂದೇ ಕಡೆ ಬೆರಳು ತೋರಿಸ್ಬೇಕು. ಶೀತರಕ್ತ ಬಿಸಿರಕ್ತ ಅನ್ನೋ ಭಾಗ ಅಂತೂ ಗುಂಪು ಮಾಡೋಕೆ ನಾನು ಬಳಸೋದೇ ಇಲ್ಲ, ಅದು ಮೈ ಹೇಗೆ ಕೆಲಸ ಮಾಡತ್ತೆ ಅನ್ನೋದು ಹೇಳತ್ತೆ, ಯಾರ ಮನೆತನ ಅನ್ನೋದು ಹೇಳಲ್ಲ.

ಹೆಜ್ಜೆ 8: ಫೋಟೋ ತೆಗೆದು ಬರೆದಿಡೋದು

ನಾಲ್ಕು ಫೋಟೋ ಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು (ಕಾಲು ಎಲ್ಲಿಂದ ಹೊರಟಿದೆ ಅಂತ ಕಾಣ್ಬೇಕು), ಮುಖದ್ದು ಒಂದು, ಸಾಧ್ಯ ಆದ್ರೆ ಡಬ್ಬದ ಕೆಳಗಿಂದ ಹೊಟ್ಟೆ ಕಡೆದು ಒಂದು. ಗಾತ್ರ ಗೊತ್ತಾಗೋಕೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಅಥವಾ ಸ್ಕೇಲ್ ಇಡಿ. ಕೆಳಗೆ ಬರೀಬೇಕಾದ್ದು ಈ ತರ: ಬೆನ್ನುಮೂಳೆ ಇಲ್ಲ, ಗಟ್ಟಿ ಹೊರಮೈ, 8 ಕಾಲು, ಮೀಸೆ ಇಲ್ಲ, ಮೈ ಒಂದೇ ಭಾಗ, ಹಸು ಕಿವಿ ಹಿಂದೆ ಸಿಕ್ತು, ತಾರೀಕು, ಊರು. ಇಷ್ಟು ಇದ್ರೆ ಜನ ತಾವು ಕಂಡ ಜೀವಿಗಳ ಫೋಟೋ ಹಾಕೋ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನೋ ಜಾಲತಾಣಗಳಿಗೆ ಹಾಕಿದಾಗ ಗೊತ್ತಿರೋರು ಮುಂದಿನದನ್ನ ಹೇಳೋದು ಸುಲಭ ಆಗತ್ತೆ. ಆ್ಯಪ್ ತಾನಾಗೇ ತೋರಿಸೋ ಹೆಸರನ್ನ ನೀವು ಬರೆದ ಲಕ್ಷಣಗಳ ಜೊತೆ ಹೋಲಿಸಿ ನೋಡಿ, ಆರು ಕಾಲಿನ ಹೆಸರು ತೋರಿಸ್ತಿದೆ ಆದ್ರೆ ನೀವು ಎಣಿಸಿದ್ದು ಎಂಟು ಅಂದ್ರೆ ನಿಮ್ಮ ಎಣಿಕೆನೇ ನಂಬಿ.

ಜಾತಿ ಹೆಸರಿನ ತನಕ ಹೋಗ್ಲೇಬೇಕು ಅಂತಿಲ್ಲ, ಎಷ್ಟೋ ಜೇಡ, ದುಂಬಿ, ಸಹಸ್ರಪದಿಗಳನ್ನ ಮೈಕ್ರೋಸ್ಕೋಪ್ ಇಲ್ದೆ ಜಾತಿ ಮಟ್ಟಕ್ಕೆ ಗುರುತಿಸೋಕೆ ತಜ್ಞರಿಗೂ ಆಗಲ್ಲ. ಎಲ್ಲಿ ತನಕ ಸಾಕ್ಷಿ ಇದ್ಯೋ ಅಲ್ಲಿ ತನಕ ಬರೆದು ನಿಲ್ಲಿಸಿ, ಮುಂದಿನ ಸಾಲು ಖಾಲಿ ಬಿಡಿ.